ನನ್ನ ನೌಕರಿಗೆ ಆಯಿ ಮನೆ ನೋಡಿದ್ದು

ಒಂದೇ ವಾರದಲ್ಲಿ ಮೂರು ಕಾಗದಗಳು ಬಂದವು. ಮೂರೂ ನನ್ನ ಹೆಸರಿಗೆ. ಲಿಂಗಸುಗೂರಿನ ನಮ್ಮ ಮನೆಗೆ ಅಲ್ಲಿಯವರೆಗೆ ಬಂದ ಟಪಾಲೆಲ್ಲ ಅಪ್ಪನದು. ‘ಕುಮಾರಿ ಕಸ್ತೂರಿ, ಬಸವಂತರಾಯರ ಮಗಳು’ ಎಂದು ಬರೆದ ಮೊದಲ ಲಕೋಟೆಯನ್ನು ಹಿಡಿದು ಟಪಾಲಿನ ಶಾವಲಿ ಹೊಸ್ತಿಲ ಹೊರಗೆ ನಿಂತು, ಕೊಡುವುದೋ ಬಿಡುವುದೋ ಎಂದು ಒಂದು ಗಳಿಗೆ ಯೋಚಿಸಿದ್ದ. ಮೂರನೆಯದು ಬರುವ ಹೊತ್ತಿಗೆ ಅವನಿಗೂ ರೂಢಿಯಾಗಿತ್ತು. ಇವತ್ತೂ ನಿಮ್ಮದೇ ಎಂದು ಕೊಟ್ಟು ಸೈಕಲ್ ಹತ್ತಿ ಹೋದ.

ಅದು ಐವತ್ತೈದನೆಯ ಇಸವಿ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ನಾನು ರಾಯಚೂರಿನಲ್ಲಿ ಅತ್ತೆಯ ಮನೆಯಲ್ಲಿದ್ದು ಮೆಟ್ರಿಕ್ ಮುಗಿಸಿ ಬಂದು ಒಂದು ವರ್ಷವಾಗಿತ್ತು. ಆ ಒಂದು ವರ್ಷ ಕೂಲಿ ಮಾಡುವ ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಅಕ್ಷರ ಕಲಿಸುವ ಸಾಲೆ ನಡೆಸಿದ್ದೆ. ನಿಜ ಹೇಳಬೇಕೆಂದರೆ ಅ ಆ ಇ ಈ ಕಲಿಸುವುದರಲ್ಲಿ ನಾನು ಅಂಥ ಜಾಣೆಯಲ್ಲ. ಆದರೆ ಇವತ್ತು ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಓಣಿ ಓಣಿ ಹುಡುಕಿಕೊಂಡು ಹೋಗಿ, ಅವರ ಕಟ್ಟೆಯ ಮೇಲೆ ಕೂತು, ಅವರ ಅತ್ತೆಯ ಜೊತೆ ಎರಡು ಮಾತಾಡಿ, ಮರುದಿನ ಅವರನ್ನು ಕರೆದುಕೊಂಡು ಬರುವುದಿದೆಯಲ್ಲ, ಅದರಲ್ಲಿ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಸಾಲೆ ನೋಡಲು ಬಂದಿದ್ದ ಒಬ್ಬ ಅಧಿಕಾರಿ ಇದನ್ನು ಕಂಡು, ನೀನು ಮಾಡುವ ಈ ಕೆಲಸಕ್ಕೆ ಈಗ ಗಿರಣಿಗಳಲ್ಲಿ ನೌಕರಿ ಇದೆಯಮ್ಮ ಎಂದರು. ಆಳುಗಳನ್ನು ನೋಡಿ ಸೇರಿಸಿಕೊಳ್ಳುವುದು, ಅವರ ಹಾಜರಿ, ಅವರ ಕಷ್ಟಸುಖ, ಮಾಲೀಕರಿಗೂ ಅವರಿಗೂ ನಡುವೆ ಮಾತು. ಲೇಬರ್ ಗುಮಾಸ್ತ ಎನ್ನುತ್ತಾರಂತೆ. ಹೆಣ್ಣಾಳು ಬಹಳ ಇರುವಲ್ಲಿ ಹೆಣ್ಣುಮಗಳನ್ನೇ ಹುಡುಕುತ್ತಿದ್ದಾರಂತೆ.

ಮನುಷ್ಯರನ್ನು ಬಲ್ಲೆನೆಂದು ಪಗಾರ ಕೊಡುವ ನೌಕರಿ! ನಾನು ಆ ದಿನವಿಡೀ ನೆಲದ ಮೇಲೆ ನಡೆಯಲಿಲ್ಲ. ಎರಡು ಕಡೆ ಅರ್ಜಿ ಬರೆದು ಹಾಕಿದೆ.

ಒಂದು, ಮಸ್ಕಿಯ ಅಮರಗುಂಡಪ್ಪ ಸಾಹುಕಾರರ ಹತ್ತಿ ಗಿರಣಿಗೆ. ಅವರ ಉತ್ತರ ದಪ್ಪ ಕಾಗದದಲ್ಲಿ ಬಂತು. ಪಗಾರ ಮೂರರಲ್ಲಿ ಹೆಚ್ಚು ಅವರದೇ. ಇನ್ನೊಂದು, ಸಿಂಧನೂರಿನ ಕಡೆ ತುಂಗಭದ್ರೆಯ ಕಾಲುವೆ ಅಗೆಯುತ್ತಿದ್ದ ಗುತ್ತಿಗೆ ಕಂಪನಿಗೆ. ಅದರ ಕಾಗದವನ್ನು ನಾನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿಯತೊಡಗಿತ್ತು. ಟೈಪು ಮಾಡಿದ ಅಕ್ಷರ, ಮೇಲೆ ಕಂಪನಿಯ ನೀಲಿ ಮುದ್ರೆ. ಸೋಮವಾರದೊಳಗೆ ಉತ್ತರ ಹಾಕಬೇಕೆಂದಿತ್ತು. ಮೂರನೆಯದು ನಾನು ಕೇಳದೆಯೇ ಬಂದದ್ದು, ನಮ್ಮೂರಿನ ಶೇಂಗಾ ಗಿರಣಿಯ ಶಾಮೀದಸಾಬರು ಪೆನ್ಸಿಲಿನಲ್ಲಿ ಬರೆದ ಒಂದು ಕಾರ್ಡು. ಮೂರು ಓಣಿ ಆಚೆ ಇರುವವರು ಕಾರ್ಡು ಬರೆಯುವುದೇ? ಓದಿ ನಕ್ಕು ಇಟ್ಟೆ. ಆಯಿ ಅದನ್ನು ಉಪ್ಪಿನಕಾಯಿ ಭರಣಿಯ ಮುಚ್ಚಳದ ಕೆಳಗೆ ಬಿಗಿಯಾಗಿ ಕೂಡಲೆಂದು ಒತ್ತಿಟ್ಟಳು.

ಆಯಿ ಎಂದರೆ ಅಪ್ಪನ ತಾಯಿ, ವೀರಭದ್ರಮ್ಮ. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ, ಅದೂ ಅರ್ಧ ಅನ್ನದಿಂದ, ಅರ್ಧ ಕತೆಯಿಂದ. ಹಾಗಾಗಿ ಕಾಲುವೆ ಕಂಪನಿಯ ಕಾಗದ ಓದಿದಾಗ ನನ್ನ ಕಣ್ಣಿಗೆ ಕಂಡದ್ದು ನೌಕರಿಯಲ್ಲ. ಹೊಳೆಯನ್ನು ಕೈ ಹಿಡಿದು ಬಯಲಿಗೆ ಕರೆದುಕೊಂಡು ಬರುವ ಮಂದಿ, ಅವರ ನಡುವೆ ಕೊಡೆ ಹಿಡಿದು ನಡೆಯುವ ನಾನು.

ಅಪ್ಪ ತಹಸೀಲು ಕಚೇರಿಯಲ್ಲಿ ಗುಮಾಸ್ತರು. ಬೇಡ ಎನ್ನಲಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಿದರು.

“ಒಂದ ಸಲ ನೋಡು ಕಸ್ತೂರಿ. ಹೋಗಿ ತಿಂಗಳಾಗ ವಾಪಸ್ ಬಂದಿ ಅಂದ್ರ ಮುಂದ ಎರಡನೇದ್ದು ಕೇಳಬ್ಯಾಡ. ಊರ ಬಾಯಿ ನನ್ನಿಂದ ಮುಚ್ಚಾಕ ಆಗೂದಿಲ್ಲ.”

ಅಂದರೆ ಮೂರರಲ್ಲಿ ಒಂದನ್ನು ಆರಿಸಬೇಕು, ಅದು ಸರಿಯಾದದ್ದೇ ಆಗಿರಬೇಕು. ತಪ್ಪಿದರೆ ನೌಕರಿಯ ಮಾತು ಅಲ್ಲಿಗೇ ಮುಗಿಯಿತು. ನಾನು ಸಿಂಧನೂರು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಆಯಿ ಅಡುಗೆಮನೆಯಿಂದಲೇ ತನ್ನ ತೀರ್ಪು ಕೊಟ್ಟಳು. ಮನೆ ನೋಡದೆ ಯಾರೂ ಮಗಳನ್ನು ಕೊಡುವುದಿಲ್ಲ, ಹಾಗಿದ್ದ ಮೇಲೆ ಕಂಪನಿ ನೋಡದೆ ಕಳಿಸುವುದು ಯಾವ ಊರಿನ ಪದ್ಧತಿ?

ನಮ್ಮ ಕಡೆ ಸಂಬಂಧ ಮಾಡುವಾಗ ಹುಡುಗಿಯ ಮನೆಯ ಹಿರಿಯ ಹೆಂಗಸರು ವರನ ಮನೆಗೆ ಹೋಗಿ ಬರುತ್ತಾರೆ. ಆ ಕೆಲಸದಲ್ಲಿ ಆಯಿಯ ಹೆಸರು ಗುರುಗುಂಟಾದವರೆಗೆ ಹಬ್ಬಿತ್ತು. ಅವಳು ಪಡಸಾಲೆಯಲ್ಲಿ ಹಾಸಿದ ಜಮಖಾನೆಯ ಮೇಲೆ ಕೂಡುವುದಿಲ್ಲ. ನೀರು ಬೇಕು ಎಂದು ಸೀದಾ ಹಿತ್ತಲಿಗೆ ನಡೆಯುತ್ತಾಳೆ. ಕೊಡದ ಮುಚ್ಚಳ ಎತ್ತುತ್ತಾಳೆ. ಎಲ್ಲರಿಗಿಂತ ಕಿರಿಯ ಸೊಸೆಯ ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಾಳೆ. ಬಂದ ಕಾರಣವನ್ನು ಚಹಾ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ. ಜೊತೆಗೆ ಯಾವಾಗಲೂ ಬಳೆಗಾರ್ತಿ ರಹೀಮಾಬೀ ಇರಬೇಕು. ಮೂವತ್ತು ವರ್ಷ ಊರೂರಿನ ಹೆಂಗಸರ ಕೈ ಹಿಡಿದು ಬಳೆ ಏರಿಸಿದ ರಹೀಮಾಬೀಗೆ ಕೈ ನೋಡಿದರೆ ಸಾಕು, ಆ ಮನೆಯಲ್ಲಿ ಹೊಟ್ಟೆ ತುಂಬ ಊಟ ಇದೆಯೋ ಇಲ್ಲವೋ ತಿಳಿಯುತ್ತಿತ್ತು.

ಹೊರಡುವ ಹಿಂದಿನ ದಿನ ನಾನು ಆಯಿಗೆ ಹಳೆಯ ಕತೆ ನೆನಪಿಸಿದೆ. ಒಬ್ಬ ರಾಜಕುಮಾರಿಗೆ ಮೂರು ರಾಜ್ಯಗಳಿಂದ ಮೂರು ಪಲ್ಲಕ್ಕಿ ಬರುತ್ತವೆ. ಒಂದು ಬಂಗಾರದ್ದು, ಒಂದು ಬೆಳ್ಳಿಯದು, ಇನ್ನೊಂದು ಬರೀ ಬಿದಿರಿನದು. ರಾಜಕುಮಾರಿ ಪಲ್ಲಕ್ಕಿಗಳ ಕಡೆ ನೋಡುವುದಿಲ್ಲ, ಹೊರುವವರ ಹೆಗಲು ನೋಡುತ್ತಾಳೆ. ಯಾವುದರಲ್ಲಿ ಕೂತಳು ಎಂಬುದು ನನಗೆ ಗೊತ್ತಿರಲಿಲ್ಲ. ಸಣ್ಣವಳಿದ್ದಾಗ ಪ್ರತಿ ಸಲ ಅಷ್ಟರಲ್ಲಿ ನಿದ್ದೆ ಬಂದುಬಿಡುತ್ತಿತ್ತು. ಆಯಿ ಈಗಲೂ ಹೇಳಲಿಲ್ಲ. ನಾಳೆ ಮೋಟಾರು ತಪ್ಪೀತು, ಮಲಗು ಎಂದಳು.

ಗುರುವಾರ ಮಸ್ಕಿಗೆ ಹೋದೆವು. ಇನ್ನೂ ಗಟ್ಟಿಯಾಗದ ಮನೆಗೆ ಹುಡುಗಿ ಕಾಲಿಡಬಾರದು ಎಂದು ಆಯಿ ನನ್ನನ್ನು ಗಿರಣಿಯ ದೊಡ್ಡ ಬಾಗಿಲ ಎದುರಿನ ಬೇವಿನ ಮರದ ಕೆಳಗೆ ಕೂಡಿಸಿದಳು. ಗಂಡಸರ ದಫ್ತರಕ್ಕೆ ತಾನೂ ಹೋಗುವುದಿಲ್ಲ ಎಂದಳು. ಅವಳೂ ರಹೀಮಾಬೀಯೂ ಗಿರಣಿಗೆ ಹೊಂದಿಕೊಂಡೇ ಇದ್ದ ಸಾಹುಕಾರರ ಮನೆಯೊಳಗೆ ಹೋದರು.

ನಾನು ಮರದ ನೆರಳಲ್ಲಿ ಕೂತು ಗುಡ್ಡ ನೋಡುತ್ತ, ಅದರ ಮೇಲಿನ ಗುಡಿಯ ಮಲ್ಲಯ್ಯನಿಗೆ ಊರು ಎಷ್ಟು ಸಣ್ಣದಾಗಿ ಕಾಣುತ್ತದೋ ಎಂದು ಯೋಚಿಸುತ್ತಿದ್ದೆ. ಊಟ ಮುಗಿಸಿದ ಹೆಣ್ಣಾಳುಗಳು ಗುಂಪಾಗಿ ಬಂದರು. ಒಬ್ಬಳು ನನ್ನನ್ನು ನೋಡಿ, ಹೊಸಬಳೇನು, ಬಾಗಿಲು ಹಾಕುತ್ತಾರೆ ನಡಿ ನಡಿ ಎಂದು ತೋಳು ಹಿಡಿದು ಎಳೆದುಕೊಂಡಳು. ಅಲ್ಲ ಎನ್ನಬೇಕಿತ್ತು. ನನ್ನ ಕಾಲುಗಳಿಗೆ ಆ ಬುದ್ಧಿ ಬರಲಿಲ್ಲ.

ಒಳಗೆ ಮೋಡ. ಅರಳೆ ಹಾರಿ ಹಾರಿ ತೊಲೆಗಳೇ ಕಾಣುತ್ತಿರಲಿಲ್ಲ. ಮೋಡದ ಮೇಲೆ ಅರಮನೆ ಕಟ್ಟಿದವರ ಕತೆ ನೆನೆದು ನಾನು ಹಿಗ್ಗಿ ನಿಂತೆ. ಮೂರನೇ ಉಸಿರಿಗೆ ಕೆಮ್ಮು ಹತ್ತಿತು. ಸುತ್ತಲಿನ ಹೆಂಗಸರ ರೆಪ್ಪೆಗಳೆಲ್ಲ ಬೆಳ್ಳಗೆ, ಇಪ್ಪತ್ತು ವರ್ಷದವರೂ ಮುದುಕಿಯರ ಹಾಗೆ ಕಾಣುತ್ತಿದ್ದರು. ಮೂಲೆಯಲ್ಲಿ ‘ಮಕ್ಕಳ ಕೋಣೆ’ ಎಂದು ಬಣ್ಣದಲ್ಲಿ ಬರೆದ ಬಾಗಿಲಿತ್ತು. ಇಣುಕಿದರೆ ನೆಲದಿಂದ ಸೂರಿನವರೆಗೆ ಹತ್ತಿಕಾಳಿನ ಚೀಲ. ಮೇಲಿನ ತೊಲೆಗೆ ಒಂದು ಹೊಸ ತೊಟ್ಟಿಲು, ಸುತ್ತಿದ ಕಾಗದ ಇನ್ನೂ ಬಿಚ್ಚದೆ, ಕಟ್ಟಿ ನೇತುಹಾಕಿದ್ದರು.

ನನ್ನನ್ನು ಎಳೆದು ತಂದವಳು ತನ್ನ ಕೂಸನ್ನು ಹತ್ತಿಯ ರಾಶಿಯ ಬದಿಗೆ ಮಲಗಿಸಿದ್ದಳು. ತೊಟ್ಟಿಲು ಯಾವಾಗ ಇಳಿಸುತ್ತಾರೆ ಎಂದು ಕೇಳಿದೆ.

“ತಪಾಸಣಿ ಮಾಡೂ ಸಾಹೇಬ್ರು ಬರೂ ದಿನ ಇಳಸ್ತಾರ ಬೇ. ವರ್ಷಕ್ಕ ಎರಡು ಸಲ. ಅವತ್ತು ನಮ್ಮ ಹುಡುಗನ್ನ ಅದ್ರಾಗ ಮಲಗಸ್ತಾರ. ಎಷ್ಟ್ ಚಂದ ನಿದ್ದಿ ಮಾಡ್ತದ ಗೊತ್ತೇನು, ಏಳಾಕ ಒಲ್ಲೆ ಅಂತದ.”

ಅವಳು ನಗುತ್ತಲೇ ಹೇಳಿದಳು. ಅದಕ್ಕೇ ನನಗೆ ನಗಲಾಗಲಿಲ್ಲ.

ಹೊರಗೆ ಬರುವಷ್ಟರಲ್ಲಿ ಆಯಿ ಮರದ ಕೆಳಗೆ ನಿಂತಿದ್ದಳು, ಮುಖ ಅರಳಿತ್ತು. ಏನು ಮರ್ಯಾದಸ್ಥ ಮಂದಿ ಅಂತೀ! ಸಾಹುಕಾರರ ಹೆಂಡತಿ ಗುರುಲಿಂಗಮ್ಮ ಹಿತ್ತಲು ತೋರಿಸಿದಳಂತೆ, ಕೊಡ ತೋರಿಸಿದಳಂತೆ. ಹೊರಗಿನಿಂದ ಬಂದವರನ್ನು ಹೇಗೆ ನೋಡಿಕೊಳ್ಳುತ್ತೀರಿ, ಪಂಚಮಿಗೆ ಊರಿಗೆ ಕಳಿಸುತ್ತೀರಾ, ಮೈಯಲ್ಲಿ ಸರಿಯಿಲ್ಲದಾಗ ಕೆಲಸ ಹಗುರ ಮಾಡುತ್ತೀರಾ ಎಂದು ಆಯಿ ಕೇಳಿದ್ದಕ್ಕೆಲ್ಲ, ಮಗಳ ಹಾಗೆ ಇಟ್ಟುಕೊಳ್ಳುತ್ತೇವೆ ಎಂದಳಂತೆ. ಸುಸಲಾ, ಮಿರ್ಚಿ, ಚಹಾ. ಕೊನೆಗೆ ಕುಂಕುಮ ಹಚ್ಚಿ ಕುಬಸದ ಖಣ ಕೊಟ್ಟಳಂತೆ. ಇಳಕಲ್ಲಿನ ಖಣ. ಆಯಿ ಅದನ್ನು ಸೆರಗಿನಲ್ಲಿ ಇಟ್ಟುಕೊಂಡಿದ್ದಳು.

ರಹೀಮಾಬೀ ಬಳೆಯ ಬುಟ್ಟಿಯನ್ನು ಸರಿ ಮಾಡುತ್ತ, ಹುಡುಗ ಚಲೋ ಇದ್ದಾನೆ, ಸ್ವಲ್ಪ ನಾಚಿಕೆ ಜಾಸ್ತಿ ಎಂದಳು.

“ಯಾವ ಹುಡುಗ?” ಎಂದಳು ಆಯಿ.

“ಚಹಾ ತಂದು ಕೊಟ್ನಲ್ಲ ಅಕ್ಕ, ಹೊಸ ಅಂಗಿ ಹಾಕ್ಕೊಂಡು. ಸಾಹುಕಾರ್‌ದು ಮಗ. ನೀ ಖಣ ತಗೊಂಡಿ, ನಾ ಅಂದ್ಕೊಂಡೆ ನಿನ್ಗೆ ಪಸಂದ್ ಆತು ಅಂತ.”

ಆಯಿ ನಿಂತಲ್ಲೇ ನಿಂತಳು. ಮನೆ ನೋಡಲು ಬಂದ ಹಿರಿಯಳು ಖಣ ಸ್ವೀಕರಿಸಿದಳೆಂದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಹುಡುಗಿಯನ್ನು ಕೊಡಲು ಮನಸ್ಸಿದೆ, ನೀವು ಬಂದು ಮಾತು ಮುಂದುವರಿಸಿ. ಐವತ್ತು ವರ್ಷ ಮಂದಿಗೆ ಈ ಪಾಠ ಹೇಳಿದವಳು ಕಂಪನಿಯ ಗುಂಗಿನಲ್ಲಿ ತಾನೇ ಮರೆತಿದ್ದಳು. ತಿರುಗಿ ಹೋಗಿ ಕೊಟ್ಟು ಬರೋಣವೆಂದರೆ ಅದು ಅವಮಾನ ಮಾಡಿದ ಹಾಗೆ. ಮೋಟಾರು ಬೇರೆ ಹಾರ್ನ್ ಹೊಡೆಯುತ್ತಿತ್ತು. ದಾರಿಯಲ್ಲಿ ನಾನು ಗಿರಣಿಯೊಳಗೆ ಕಂಡ ತೊಟ್ಟಿಲಿನ ಮಾತು ಅವಳಿಗೆ ಹೇಳಿದೆ.

ಶುಕ್ರವಾರ ಸಂಜೆಗೇ ಮಸ್ಕಿಯಿಂದ ಆಳು ಬಂದ. ಸೋಮವಾರ ಮಧ್ಯಾಹ್ನ ಸಾಹುಕಾರರು ಮಗನ ಜೊತೆ ಬರುತ್ತಾರೆ, ಹುಡುಗಿಯನ್ನು ನೋಡಿ ಮಾತು ಮುಗಿಸುತ್ತಾರೆ.

ಅಪ್ಪನಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಸಂತೋಷವಾಯಿತು. ಗಿರಣಿಯೂ ಅವರದೇ, ಮನೆಯೂ ಅವರದೇ, ನಿನಗೆ ಆಳುಗಳನ್ನು ನೋಡಿಕೊಳ್ಳಬೇಕಲ್ಲ, ಮಾಲೀಕರ ಸೊಸೆಯಾಗಿ ನೋಡಿಕೋ ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ನನ್ನ ಕಷ್ಟ. ಬೇಡ ಎನ್ನಲು ನನ್ನ ಕೈಯಲ್ಲಿ ಬೇರೊಂದು ನೌಕರಿ ಗಟ್ಟಿಯಾಗಿ ಇರಬೇಕಿತ್ತು, ಅದೂ ಸೋಮವಾರದೊಳಗೆ.

“ನಾ ಕಟ್ಟಿದ್ದು ನಾನ ಬಿಚ್ತೀನಿ,” ಎಂದಳು ಆಯಿ ನನ್ನ ಕಿವಿಯಲ್ಲಿ. “ನೀ ನಾಳೆ ನಿನ್ನ ಕಾಲಿವಿ ತೋರ್ಸು ನಡಿ.”

ಸಿಂಧನೂರಿನಲ್ಲಿ ಆಯಿ ನನ್ನನ್ನು ಮರದ ಕೆಳಗೆ ಬಿಡಲಿಲ್ಲ. ಒಂದು ಪೆಟ್ಟು ಸಾಕಾಗಿತ್ತು. ಕಂಪನಿಯವರು ನಮಗೆ ಜೀಪು ಕಳಿಸಿದ್ದರು. ಆಯಿ ಜೀಪಿನಲ್ಲಿ ಕೂತು ಒಂದು ಕೈಯಿಂದ ಸೆರಗು, ಇನ್ನೊಂದು ಕೈಯಿಂದ ನನ್ನ ಜಡೆ ಹಿಡಿದುಕೊಂಡಿದ್ದಳು. ಕರಿಮಣ್ಣಿನ ಬಯಲನ್ನು ಸೀಳಿಕೊಂಡು ಕಾಲುವೆ ಹೋಗಿತ್ತು, ಕಣ್ಣು ಸೋಲುವಷ್ಟು ದೂರ. ನೀರಿಲ್ಲದಿದ್ದರೂ ನನಗೆ ನೀರು ಕಂಡಿತು. ಬುಟ್ಟಿ ಹೊತ್ತ ನೂರಾರು ಹೆಂಗಸರು ಏರಿ ಹತ್ತಿ ಇಳಿಯುತ್ತಿದ್ದರು. ಇಲ್ಲೇ, ಇದೇ ಎಂದುಕೊಂಡೆ.

ಮ್ಯಾನೇಜರರು ತೆಲುಗು ಸೀಮೆಯವರು. ಡೇರೆಯಲ್ಲಿ ಕುರ್ಚಿ ಹಾಕಿಸಿ, ನಿಂಬೆ ಪಾನಕ ಕೊಡಿಸಿ, ಒಳ್ಳೆಯ ಮಾತಿನಿಂದ ಕೆಲಸ ವಿವರಿಸಿದರು. ಹಾಜರಿ ಪುಸ್ತಕ ತೋರಿಸಿದರು. ಅಷ್ಟು ಚೊಕ್ಕ ಪುಸ್ತಕವನ್ನು ನಾನು ಕಂಡಿರಲಿಲ್ಲ. ಹಾಳೆ ತಿರುವಿದೆ, ಇನ್ನೊಂದು ತಿರುವಿದೆ. ಮುನ್ನೂರು ಹೆಂಗಸರು, ಆರು ತಿಂಗಳು, ಒಬ್ಬಳೂ ಒಂದು ದಿನವೂ ತಪ್ಪಿಸಿರಲಿಲ್ಲ. ಯಾರಿಗೂ ಜ್ವರ ಬಂದಿರಲಿಲ್ಲ. ಯಾರೂ ಬಾಣಂತಿಯಾಗಿರಲಿಲ್ಲ. ನನ್ನ ಸಾಲೆಯ ಹದಿನೈದು ಹೆಂಗಸರ ಪುಸ್ತಕವೇ ಹುಳ ತಿಂದ ಎಲೆಯ ಹಾಗೆ ತೂತು ತೂತಾಗಿತ್ತು.

ನಾನು ಹೆಣ್ಣಾಳುಗಳ ಹತ್ತಿರ ಯಾವ ಹೊತ್ತಿಗೆ ಹೋಗಬೇಕು ಎಂದು ಕೇಳಿದೆ. ಮ್ಯಾನೇಜರರು ನಕ್ಕರು.

“ಬಿಸಿಲಿಗೆ ನೀವ್ಯಾಕೆ ಹೋಗ್ತೀರಮ್ಮಾ? ಮೇಸ್ತ್ರಿ ಚೀಟಿ ತರ್ತಾನೆ. ನೀವು ಇಲ್ಲೇ ಕೂತು ಪುಸ್ತಕಕ್ಕೆ ಎತ್ತಿ ಬರೆದ್ರೆ ಆಯ್ತು. ಫ್ಯಾನ್ ಹಾಕಿಸ್ತೀವಿ.”

ಅಷ್ಟರಲ್ಲಿ ರಹೀಮಾಬೀ ಏರಿಯ ಕಡೆಯಿಂದ ಬಂದಳು. ಬುಟ್ಟಿಯಲ್ಲಿ ಬಳೆ ಹೋಗುವಾಗ ಇದ್ದ ಹಾಗೆಯೇ ತುಂಬಿತ್ತು. ಜೀಪಿನ ಮರೆಗೆ ಬಂದು ಮೆಲ್ಲಗೆ ಹೇಳಿದಳು. ಇಲ್ಲಿ ಹೆಸರು ಕೇಳಿದರೆ ಹೆಂಗಸರು ನಂಬರು ಹೇಳುತ್ತಾರೆ. ಎಲ್ಲರ ಕೊರಳಲ್ಲಿ ಒಂದು ತಗಡಿನ ಬಿಲ್ಲೆ. ನೂರಾ ನಲವತ್ತು ಎಂದವಳ ಕೈ ಹಿಡಿದು ಬಳೆಯ ಅಳತೆ ನೋಡುತ್ತ ಮಾತಾಡಿಸಿದರೆ, ಆ ಬಿಲ್ಲೆ ಅವಳದಲ್ಲ, ಅಕ್ಕನದು. ಅಕ್ಕ ನಾಲ್ಕು ದಿನದಿಂದ ಜ್ವರದಲ್ಲಿ ಮಲಗಿದ್ದಾಳೆ. ಬಿಲ್ಲೆ ತಪ್ಪಿಸಿದರೆ ಕೆಲಸ ಹೋಗುತ್ತದೆ, ಅದಕ್ಕೆ ತಂಗಿ ಹಾಕಿಕೊಂಡು ಬಂದಿದ್ದಾಳೆ. ಕೊರಳು ಯಾರದಾದರೂ ಬಿಲ್ಲೆ ಮಾತ್ರ ಹಾಜರಿರಬೇಕು.

ಚೊಕ್ಕ ಪುಸ್ತಕದ ಗುಟ್ಟು ಇದು. ಅದನ್ನು ಇನ್ನೂ ಚೊಕ್ಕ ಅಕ್ಷರದಲ್ಲಿ ಎತ್ತಿ ಬರೆಯಲು ನಾನು ಬೇಕಾಗಿದ್ದೆ.

ತಿರುಗಿ ಬರುವಾಗ ಮೋಟಾರಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಆಯಿ ಮಸ್ಕಿ ದಾಟಿದ ಮೇಲೆ ಹುರಿದ ಶೇಂಗಾ ನನ್ನ ಮಡಿಲಿಗೆ ಹಾಕಿದಳು.

“ಕಾಲಿವಿ ಚಲೋ ಅದ. ನೀರು ಬರ್ತದ, ಹೊಲ ಹಸಿರಾಗ್ತಾವ. ಅದೆಲ್ಲ ಖರೇನ. ನೀ ಅಲ್ಲಿ ಬ್ಯಾಡ, ಅಷ್ಟ.”

ನಾನು ಶೇಂಗಾ ತಿಂದೆ. ಅರ್ಧ ತಿಂದ ಮೇಲೆ ಉಪ್ಪಿನಕಾಯಿ ಭರಣಿ ನೆನಪಾಯಿತು.

ಮನೆಗೆ ಬಂದವಳೇ ಮುಚ್ಚಳದ ಕೆಳಗಿನಿಂದ ಕಾರ್ಡು ಎಳೆದೆ. ಒಂದು ಮೂಲೆಗೆ ಎಣ್ಣೆ ಹತ್ತಿತ್ತು. ಮೊದಲ ಸಲ ನಕ್ಕು ಬಿಟ್ಟಿದ್ದ ಸಾಲುಗಳನ್ನು ಈಗ ನಿಂತು ಓದಿದೆ. ‘ನಮ್ಮ ಗಿರಣಿಯಲ್ಲಿ ಶೇಂಗಾ ಆರಿಸಲು ನಲವತ್ತು ಹೆಣ್ಣಾಳು ಬೇಕು. ಹದಿನೆಂಟು ಮಂದಿ ಇದ್ದಾರೆ. ಬಂದವರು ಬಿಟ್ಟು ಹೋಗುತ್ತಾರೆ. ನಿಮ್ಮ ಸಾಲೆಗೆ ಬರುವವರೂ ಬಿಟ್ಟು ಹೋದರು. ಯಾಕೆಂದು ನನಗೆ ತಿಳಿಯಲಿಲ್ಲ. ನಿಮಗೆ ತಿಳಿದರೆ ಬಂದು ಹೇಳಬೇಕು. ಮನೆಗೆ ಬಂದು ಹೆಣ್ಣುಮಗಳನ್ನು ಕರೆಯುವುದು ಸರಿಯಲ್ಲವೆಂದು ಕಾರ್ಡು ಬರೆದಿದ್ದೇನೆ. ಪಗಾರ ನನ್ನ ಕೈಲಾದಷ್ಟು.’

ಉಳಿದಿಬ್ಬರೂ ತಮ್ಮಲ್ಲಿ ಎಲ್ಲ ಸರಿಯಿದೆ ಎಂದು ಬರೆದಿದ್ದರು. ತನಗೆ ಗೊತ್ತಿಲ್ಲ ಎಂದು ಬರೆದವರು ಇವರೊಬ್ಬರೇ.

ಭಾನುವಾರ ಬೆಳಿಗ್ಗೆ ನಾನು ಗಿರಣಿಗೆ ಹೋಗುವ ಮೊದಲು ಗ್ಯಾನಮ್ಮನ ಮನೆಗೆ ಹೋದೆ. ನನ್ನ ಸಾಲೆಯಲ್ಲಿ ಎಲ್ಲರಿಗಿಂತ ಮೊದಲು ತನ್ನ ಹೆಸರು ಬರೆಯಲು ಕಲಿತವಳು ಅವಳು. ಶಾಮೀದಸಾಬರ ಗಿರಣಿ ಯಾಕೆ ಬಿಟ್ಟೆ ಎಂದು ಕೇಳಿದೆ. ಮೈಯಲ್ಲಿ ಸರಿಯಿರಲಿಲ್ಲ ಎಂದಳು. ಶಾಮೀದಸಾಬರಿಗೆ ಅದನ್ನೂ ಹೇಳಿರಲಿಲ್ಲವಂತೆ. ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಅವಳು ನನ್ನ ಮುಖ ನೋಡಿದಳು, ಖಾಲಿ ಕೊಡ ನೋಡಿದಳು, ನಕ್ಕಳು.

“ನೀರವ್ವಾ, ನೀರು. ಸೀ ನೀರಿನ ಬಾವ್ಯಾಗ ನಮ್ಮ ಓಣಿ ಸರದಿ ಬರೂದು ಹೊತ್ತು ಏರಿದ ಮ್ಯಾಲ. ಗಿರಣಿ ಬಾಗ್ಲಾ ಏಳಕ್ಕ ಹಾಕ್ತಾರ. ಕೊಡ ಬಿಟ್ಟು ಹೋದ್ರ ಮನ್ಯಾಗ ಬೈತಾರ, ಕೊಡ ತಂದು ಹೋದ್ರ ಬಾಗ್ಲಾ ಹಾಕಿರ್ತದ. ಇದನ್ನ ಸಾಹುಕಾರ್ರ ಮುಂದ ಹೋಗಿ ಹ್ಯಾಂಗ ಹೇಳೂದು?”

ನನಗೆ ನಾಚಿಕೆಯಾಯಿತು. ನಮ್ಮ ಮನೆಗೆ ಸಿಹಿನೀರು ಹೊತ್ತು ತರುವವಳು ಬೇರೆ ಇದ್ದಳು. ಊರ ಬಾವಿಗೆ ಸರದಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ, ಓಣಿ ಓಣಿ ತಿರುಗಿದವಳಿಗೆ.

ಆಯಿಯ ಜೊತೆ ಗಿರಣಿಗೆ ಹೋದಾಗ ಶಾಮೀದಸಾಬರು ಎದ್ದು ನಿಂತರು. ತೆಳ್ಳನೆಯ ಮನುಷ್ಯ, ಕನ್ನಡಕದ ಒಂದು ಕಡೆ ಕಡ್ಡಿ ಮುರಿದು ದಾರ ಕಟ್ಟಿದ್ದರು. ಆಯಿ ನೀರು ಕೇಳಿದಳು. ಅವರು ಹೆಂಗಸರು ಕೂತ ಚಪ್ಪರದ ಕಂಬದ ಬುಡದಲ್ಲಿದ್ದ ಕೊಡದ ಕಡೆ ಹೋಗಿ ತಾವೇ ತುಂಬಿ ತಂದರು. ಬೇರೆ ಕೊಡ ಇರಲಿಲ್ಲ. ತಾವು ಕುಡಿಯುವುದೂ ಅದನ್ನೇ. ಆಯಿ ಅಲ್ಲಿಯವರೆಗೆ ಹೋಗಿ ಮುಚ್ಚಳ ಎತ್ತಿ ನೋಡಿ ಮುಚ್ಚಿದಳು.

ಅವರ ಹಾಜರಿ ಪುಸ್ತಕ ನನ್ನದಕ್ಕಿಂತ ಹೆಚ್ಚು ತೂತಾಗಿತ್ತು. ಪ್ರತಿ ತೂತಿನ ಎದುರು ಪೆನ್ಸಿಲಿನಲ್ಲಿ ಏನಾದರೂ ಬರೆದಿತ್ತು. ಮಗಳ ಬಾಣಂತನ. ಎಮ್ಮೆ ಕಳೆದಿದೆ. ಕಣ್ಣು ಬೇನೆ. ಬಿಟ್ಟು ಹೋದವರ ಎದುರು ಒಂದೇ ಮಾತು, ಗೊತ್ತಿಲ್ಲ. ಗೊತ್ತಿಲ್ಲ. ಗೊತ್ತಿಲ್ಲ.

“ತಗಡು ಹೊದಿಸ್ದೆ ಅಮ್ಮಾರ, ಬಿಸಲಿಗೇನೋ ಅಂತ,” ಎಂದರು ಅವರು ಆಯಿಗೆ. “ಬೆಲ್ಲ ಕೊಟ್ಟೆ. ಪಗಾರ ಏರಿಸ್ದೆ. ಆದ್ರೂ ನಿಲ್ಲವಲ್ಲರು. ನನ್ನ ಮ್ಯಾಲೆ ಏನರ ಸಿಟ್ಟೇನೋ.”

ನಾನು ಬಾವಿಯ ಸರದಿ ಹೇಳಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತುಬಿಟ್ಟರು. ನಾಲ್ಕು ವರ್ಷ ತಗಡು, ಬೆಲ್ಲ, ಪಗಾರ ಎಂದು ಓಡಾಡಿದ ಮನುಷ್ಯನಿಗೆ ಒಂದು ಕೊಡ ನೀರು ಕಂಡಿರಲಿಲ್ಲ.

ಬಾಗಿಲನ್ನು ಎಂಟಕ್ಕೆ ಹಾಕಿ ಎಂದೆ. ಇಂಜಿನು ನಡೆಸುವ ಇಮಾಮ್‌ಸಾಬ್ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದ. ಏಳಕ್ಕೆ ಶುರುವಾಗುವ ತನ್ನ ಇಂಜಿನು ಊರ ಕೊಡಗಳನ್ನು ಕಾಯುತ್ತ ಕೂಡಬೇಕೇನು ಎಂದು ಕೇಳಿದ. ನಿನ್ನ ಇಂಜಿನು ಏಳಕ್ಕೇ ಕೂಗಲಿ, ಕೈಯಿಂದ ಆರಿಸುವವರಿಗೂ ಅದಕ್ಕೂ ಏನು ಸಂಬಂಧ, ಒಂದು ತಾಸು ತಡವಾಗಿ ಬಂದವರು ಸಂಜೆ ಒಂದು ತಾಸು ಹೆಚ್ಚು ಕೂಡುತ್ತಾರೆ ಎಂದೆ. ಅವನು ಶಾಮೀದಸಾಬರ ಮುಖ ನೋಡಿದ. ಅವರು ನನ್ನ ಮುಖ ನೋಡಿದರು.

“ಒಂದು ತಿಂಗಳು ನೋಡೂಣು. ಆದ್ರೂ ಅವರು ಬರ್ಲಿಲ್ಲಂದ್ರ?”

“ಬರ್ಲಿಲ್ಲಂದ್ರ ನಾನೂ ನಿಲ್ಲೂದಿಲ್ರೀ,” ಎಂದುಬಿಟ್ಟೆ. ಹೇಳಿದ ಮೇಲೆ ಅಪ್ಪನ ಮಾತು ನೆನಪಾಗಿ ನಾಲಗೆ ಕಚ್ಚಿಕೊಂಡೆ. ಇದ್ದ ಒಂದೇ ಸಲವನ್ನು ನಾನು ಹೆಸರಿಲ್ಲದ ಒಂದು ಶೇಂಗಾ ಗಿರಣಿಯ ಬಾಗಿಲಿಗೆ ಇಟ್ಟಿದ್ದೆ. ಆಯಿ ಮಾತ್ರ ಸೆರಗಿನಿಂದ ಬಾಯಿ ಒರೆಸಿಕೊಂಡು, ಇನ್ನೊಂದು ತಂಬಿಗೆ ನೀರು ಕೇಳಿದಳು. ಎರಡನೇ ತಂಬಿಗೆ ಅವಳು ಒಪ್ಪಿದ ಮನೆಯಲ್ಲಿ ಮಾತ್ರ ಕೇಳುತ್ತಾಳೆ.

ಸೋಮವಾರ ಅಮರಗುಂಡಪ್ಪ ಸಾಹುಕಾರರು ಬಂದರು. ಆಯಿ ಅವರಿಗೂ ಸುಸಲಾ, ಮಿರ್ಚಿ, ಚಹಾ ಕೊಟ್ಟಳು. ಚಹಾ ಮುಗಿದ ಮೇಲೆ ತಟ್ಟೆಯಲ್ಲಿ ಅವರ ಖಣ, ಅದರ ಮೇಲೆ ನಮ್ಮದೊಂದು ಹೊಸ ಖಣ, ಎರಡು ತೆಂಗಿನಕಾಯಿ ಇಟ್ಟು ಮುಂದೆ ಸರಿಸಿದಳು. ತಪ್ಪು ತನ್ನದು, ವಯಸ್ಸಾಯಿತು, ತಾನು ನೋಡಲು ಬಂದದ್ದು ಗಿರಣಿಯನ್ನು ಎಂದು ಕೈ ಮುಗಿದಳು. ಸಾಹುಕಾರರು ಒಂದು ಗಳಿಗೆ ಅಪ್ಪನ ಕಡೆ ನೋಡಿದರು. ಅಪ್ಪ ಸೂರಿನ ಕಡೆ ನೋಡಿದರು. ಮಗ ಮಾತ್ರ ಉಸಿರು ಬಿಟ್ಟು, ಬಂದಾಗಿನಿಂದ ಮುಟ್ಟದಿದ್ದ ಮಿರ್ಚಿಗೆ ಕೈ ಹಾಕಿದ. ಅವನೂ ನನ್ನ ಹಾಗೆಯೇ ಹೆದರಿ ಬಂದಿದ್ದ. ಸಾಹುಕಾರರಿಗೆ ಅದನ್ನು ಕಂಡು ನಗು ಬಂತು.

“ಹಂಗಾದ್ರ ಗಿರಣಿ ಹ್ಯಾಂಗ ಅನಿಸ್ತು ಹೇಳ್ರೆವ್ವ,” ಎಂದರು.

“ತೊಟ್ಲ ಇಳಸ್ರಿ,” ಎಂದಳು ಆಯಿ. “ಕೂಸುಗಳು ಕೆಳಗ ಅದಾವ.”

ಸಾಹುಕಾರರ ನಗು ನಿಂತಿತು. ತಟ್ಟೆ ತೆಗೆದುಕೊಂಡು ಮರ್ಯಾದೆಯಿಂದ ಹೋದರು. ಅವರು ತೊಟ್ಟಿಲು ಇಳಿಸಿದರೋ ಇಲ್ಲವೋ ನನಗೆ ತಿಳಿಯದು. ಸಿಂಧನೂರಿನ ಕಾಗದಕ್ಕೆ ನಾನು ಅದೇ ದಿನ, ಬರುವುದಿಲ್ಲ ಎಂದು ಉತ್ತರ ಹಾಕಿದೆ. ಶೇಂಗಾ ಗಿರಣಿ ಎಂದು ಕೇಳಿದ ಅಪ್ಪ, ಒಂದೇ ಸಲ ಎಂದದ್ದು ನೆನಪಿದೆಯಲ್ಲ ಎಂದರು. ನೆನಪಿದೆ ಎಂದೆ. ಮಂಗಳವಾರ ಓಣಿ ಓಣಿ ತಿರುಗಿ, ಬಿಟ್ಟು ಹೋದವರಿಗೆಲ್ಲ ಎಂಟರ ಬಾಗಿಲಿನ ಸುದ್ದಿ ಹೇಳಿ ಬಂದೆ.

ಬುಧವಾರ ಬೆಳಿಗ್ಗೆ ಆಯಿ ನನ್ನನ್ನು ದೇವರ ಮುಂದೆ ನಿಲ್ಲಿಸಿ ಉಡಿ ತುಂಬಿದಳು. ಗಂಡನ ಮನೆಗೆ ಹೋಗುವವಳಿಗೆ ತುಂಬುವ ಹಾಗೆಯೇ ಅಕ್ಕಿ, ಕೊಬ್ಬರಿ, ಉತ್ತತ್ತಿ. ನೌಕರಿಗೆ ಹೋಗುವವರಿಗೆ ಇದೆಲ್ಲ ಯಾರು ಮಾಡುತ್ತಾರೆ ಎಂದರೂ ಕೇಳಲಿಲ್ಲ. ಸೆರಗಿನ ಗಂಟು ಬಿಗಿಯುವಾಗ ನಾನು ಕತೆಯ ಮಾತು ತೆಗೆದೆ. ಆ ರಾಜಕುಮಾರಿ ಯಾವ ಪಲ್ಲಕ್ಕಿಯಲ್ಲಿ ಕೂತಳು?

“ಯಾವುದ್ರಾಗೂ ಕೂಡಲಿಲ್ಲ,” ಎಂದಳು ಆಯಿ, ಗಂಟನ್ನು ಹಲ್ಲಿನಿಂದ ಎಳೆಯುತ್ತ. “ಬಿದಿರಿಂದಕ್ಕ ಹೋಗಿ ತಾನೂ ಒಂದ್ ಹೆಗಲು ಕೊಟ್ಳು. ನಡಿ, ಹೊತ್ತಾತು.”

ಏಳಕ್ಕೆ ಇಂಜಿನು ಕೂಗಿತು. ಹದಿನೆಂಟು ಮಂದಿ ಎಂದಿನಂತೆ ಬಂದು ಕೂತರು. ಇಮಾಮ್‌ಸಾಬ್ ತೆರೆದೇ ಇದ್ದ ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ಏಳೂವರೆಗೆ ಒಂದು ನಾಯಿ ಒಳಗೆ ಬಂದು ಹೋಯಿತು. ಶಾಮೀದಸಾಬರು ಕನ್ನಡಕದ ದಾರವನ್ನು ಬಿಚ್ಚಿ ಕಟ್ಟಿದರು, ಮತ್ತೆ ಬಿಚ್ಚಿ ಕಟ್ಟಿದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಓಣಿಯ ಕೊನೆಯ ಮನೆಯ ಗೋಡೆಯ ಮೇಲೆ ಬಿಸಿಲು ಇಳಿಯುತ್ತಿತ್ತು.

ಎಂಟಕ್ಕೆ ಐದು ನಿಮಿಷವಿರುವಾಗ ಆ ಗೋಡೆಯ ಪಕ್ಕದಿಂದ ಗ್ಯಾನಮ್ಮ ತಿರುಗಿದಳು. ಸೀರೆಯ ಅಂಚು ಒದ್ದೆ, ಹೆಗಲು ಒದ್ದೆ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೆ ಮೂವರು, ಎಲ್ಲರೂ ಈಗಷ್ಟೇ ಕೊಡ ಇಳಿಸಿ ಬಂದವರ ಹಾಗೆ ಏದುತ್ತಿದ್ದರು. ಎಣಿಸುತ್ತಾ ನಾನು ಒಂದು ಹೆಜ್ಜೆ ಮುಂದೆ ಹಾಕಿದೆ. ಆಯಿ ಹಲ್ಲಿನಿಂದ ಬಿಗಿದ ಗಂಟು ಸಡಿಲಾಗಿ ಉಡಿಯ ಅಕ್ಕಿ ಹೊಸ್ತಿಲ ಮೇಲೆಲ್ಲ ಚೆಲ್ಲಿತು.

ಹೆಂಗಸರು ನಿಂತು ನಕ್ಕರು. ಯಾರ ಮನೆಯ ಸೊಸೆ ಬೇ ಇವಳು, ಬಂದ ದಿನವೇ ಅಕ್ಕಿ ಚೆಲ್ಲಿದಳು ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಗ್ಯಾನಮ್ಮ ಬಗ್ಗಿ ಅಕ್ಕಿ ಬಳಿದು ನನ್ನ ಸೆರಗಿಗೆ ಹಾಕುತ್ತ, ತಡವಾಯಿತೇನು ಎಂದು ಕೇಳಿದಳು.

ಇಲ್ಲ ಎಂದೆ. ಪುಸ್ತಕ ತೆಗೆದೆ. ಅವಳ ಹೆಸರಿನ ಎದುರು ಇದ್ದ ಹಳೆಯ ‘ಗೊತ್ತಿಲ್ಲ’ವನ್ನು ಉಜ್ಜಿ ಅಳಿಸಿ, ಪೆನ್ಸಿಲನ್ನು ಅವಳ ಒದ್ದೆ ಕೈಗೆ ಕೊಟ್ಟೆ. ಅವಳಿಗೆ ಹೆಸರು ಬರೆಯಲು ಬರುತ್ತಿತ್ತು.